ಹೆಂಚಿನ ಮನೆ ಮಾರಾಟಕ್ಕಿದೆ

ಹಾಸನದಿಂದ ಮಂಗಳೂರು ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟವರಿಗೆ ಮಲೆನಾಡು ಒಮ್ಮೆಲೇ ಎದುರಾಗುವುದಿಲ್ಲ. ಮೊದಲು ಆಲೂಗೆಡ್ಡೆ, ಮೆಕ್ಕೆಜೋಳದ ಹೊಲಗಳು. ಆಲೂರಿನ ಆಸುಪಾಸಿನಲ್ಲಿ ಭತ್ತದ ಗದ್ದೆ, ಅದರ ಅಂಚಿಗೆ ಬಿದಿರು ಮೆಳೆ. ಪಾಳ್ಯ ದಾಟುವಷ್ಟರಲ್ಲಿ ಗಾಳಿಗೆ ತಂಪು ಬಂದಿರುತ್ತದೆ. ರಸ್ತೆಯ ಬದಿಗೆ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಡಿಯಲ್ಲಿ ಕಾಫಿ ಗಿಡ. ಸುಮಾರು ೪೦ ಕಿ.ಮೀ. ಮುಗಿಯುವಾಗ ಹೇಮಾವತಿಯ ದಡದ ಸಕಲೇಶಪುರ ಸಿಗುತ್ತದೆ.

ಪ್ರವಾಸಿಗಳು ಇಲ್ಲಿ ಮಂಜ್ರಾಬಾದ್ ಕೋಟೆ ಹತ್ತುತ್ತಾರೆ, ಬಿಸಿಲೆಯಲ್ಲಿ ನಿಂತು ಪುಷ್ಪಗಿರಿಯ ಸಾಲು ನೋಡುತ್ತಾರೆ, ಫೋಟೊ ತೆಗೆದುಕೊಂಡು ಊರಿಗೆ ಮರಳುತ್ತಾರೆ. ತೋಟಗಳ ಗೇಟು ದಾಟಿ ಒಳಕ್ಕೆ ಹೋಗುವ ಮಣ್ಣಿನ ರಸ್ತೆಗಳನ್ನು ಗಮನಿಸುವವರು ಕಡಿಮೆ. ಆ ರಸ್ತೆಗಳ ಕೊನೆಯಲ್ಲಿ, ಪಾಚಿ ಹಿಡಿದ ಕೆಂಪು ಹೆಂಚಿನ ಕೆಳಗೆ, ಈ ಸೀಮೆಯ ನೂರೈವತ್ತು ವರ್ಷಗಳ ಬದುಕು ಕುಳಿತಿದೆ. ಈಚೆಗೆ ಕೆಲವು ಗೇಟುಗಳ ಪಕ್ಕದಲ್ಲಿ 'ತೋಟ ಮಾರಾಟಕ್ಕಿದೆ' ಎಂಬ ಬೋರ್ಡು ಕಾಣುತ್ತದೆ. ತೋಟದ ಜೊತೆಗೆ ಮನೆಯೂ ಹೋಗುತ್ತದೆ ಎಂದು ಬೋರ್ಡಿನಲ್ಲಿ ಬರೆದಿರುವುದಿಲ್ಲ.

ದೊರೆ ಬಂಗಲೆ

ಟಿಪ್ಪು ಸುಲ್ತಾನ್ ೧೭೯೨ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆಯ ಹೆಸರೇ ಬಹುಕಾಲ ಈ ತಾಲ್ಲೂಕಿನ ಹೆಸರೂ ಆಗಿತ್ತು. ಹಳೆಯ ದಾಖಲೆಗಳಲ್ಲಿ ಸಕಲೇಶಪುರ ತಾಲ್ಲೂಕನ್ನು ಹುಡುಕುವವರು 'ಮಂಜ್ರಾಬಾದ್' ಎಂದೇ ಹುಡುಕಬೇಕು. ಈ ಮಂಜ್ರಾಬಾದಿನ ದಕ್ಷಿಣ ಭಾಗದಲ್ಲಿ ೧೮೪೩ರಲ್ಲಿ ಗ್ರೀನ್ ಎಂಬ ಇಂಗ್ಲಿಷ್ ತೋಟಗಾರ ಕಾಫಿ ತೋಟ ತೆರೆದ. ಅವನ ಹಿಂದೆ ಹಲವರು ಬಂದರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬುವನು ತನ್ನ ತೋಟದ ಅನುಭವಗಳನ್ನು ೧೮೭೧ರಲ್ಲಿ ಒಮ್ಮೆ, ೧೮೯೪ರಲ್ಲಿ ಇನ್ನೊಮ್ಮೆ ಪುಸ್ತಕವಾಗಿ ಬರೆದ. ಪಟ್ಟಣದ ಸರ್ಕಾರಿ ಆಸ್ಪತ್ರೆಯನ್ನು ಜನ ಇಂದಿಗೂ ಕ್ರಾಫರ್ಡ್ ಆಸ್ಪತ್ರೆ ಎನ್ನುತ್ತಾರೆ. ಅದೂ ಆ ಕಾಲದ ತೋಟಗಾರನೊಬ್ಬನ ಹೆಸರು.

ಇವರು ಕಟ್ಟಿದ ಮನೆಗಳೇ ಹಳ್ಳಿಯವರ ಬಾಯಲ್ಲಿ 'ದೊರೆ ಬಂಗಲೆ'. ಕಾಫಿ ಒಣಗಿಸುವ ಕಣ ಕಣ್ಣಿಗೆ ಬೀಳುವಂತೆ ದಿಬ್ಬದ ಮೇಲೆ ಜಾಗ, ಮುಂದೆ ಅಗಲವಾದ ವರಾಂಡ, ಒಳಗೆ ಗೋಡೆಯಲ್ಲೇ ಬೆಂಕಿಗೂಡು, ಅದಕ್ಕೊಂದು ಚಿಮಣಿ. ಅಡಿಗೆಮನೆ ಮಾತ್ರ ಬೇರೆಯಾಗಿ ಹಿಂದೆ. ಬೆಂಕಿಯ ಭಯ ಒಂದು ಕಾರಣವಾದರೆ, ಅಡಿಗೆಯವರು ಎದುರಿಗೆ ಓಡಾಡಬಾರದೆಂಬ ದೊಡ್ಡಸ್ತಿಕೆ ಇನ್ನೊಂದು. ಮೊದಮೊದಲ ಮನೆಗಳಿಗೆ ಹುಲ್ಲಿನ ಮಾಡು. ೧೮೬೫ರಲ್ಲಿ ಬಾಸೆಲ್ ಮಿಷನ್ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಾಡಿನ ಬಣ್ಣ ಬದಲಾಯಿತು. ಕಾಫಿ ಘಾಟಿ ಇಳಿದು ಮಂಗಳೂರಿಗೆ ಹೋದ ದಾರಿಯಲ್ಲೇ ಕೆಂಪು ಹೆಂಚು ಘಾಟಿ ಹತ್ತಿ ಬಂತು.

ಬಂಗಲೆಯಿಂದ ಸ್ವಲ್ಪ ದೂರ ಇಳಿದರೆ ಕೂಲಿಗಳ 'ಲೈನು'. ಒಂದೇ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು, ಎರಡು ಸಂಸಾರಕ್ಕೆ ನಡುವೆ ಒಂದೇ ಗೋಡೆ. ಕನ್ನಡ ಜಿಲ್ಲೆಯಿಂದ, ತಮಿಳು ಸೀಮೆಯಿಂದ ಬಂದು ಕಾಡು ಕಡಿದು, ಗುಂಡಿ ತೋಡಿ, ಗಿಡ ನೆಟ್ಟವರು ಇಲ್ಲಿದ್ದರು. ಕೂಲಿಗಳಿಗೆ ಮನೆ ಒದಗಿಸುವುದು ತೋಟದ ಮಾಲೀಕರ ಕರ್ತವ್ಯ ಎಂದು ೧೯೫೧ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಹೇಳಿದ್ದು ಬಹಳ ತಡವಾಗಿ. ಬಂಗಲೆಯ ಚಿತ್ರ ಕ್ಯಾಲೆಂಡರಿಗೆ ಬರುತ್ತದೆ, ಲೈನಿನ ಚಿತ್ರ ಬರುವುದಿಲ್ಲ. ಚರಿತ್ರೆ ಓದುವ ಮಕ್ಕಳು ಮಾತ್ರ ಎರಡನ್ನೂ ಒಟ್ಟಿಗೇ ನೋಡಬೇಕು.

ದೊರೆ ಬಂಗಲೆಗೆ ಮಾರಾಟ ಹೊಸದೇನಲ್ಲ. ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಇಂಗ್ಲಿಷರು ಒಬ್ಬೊಬ್ಬರಾಗಿ ತೋಟ ಮಾರಿ ಹೊರಟರು. ಊರಿನ ಅನುಕೂಲಸ್ಥರು, ಕಂಪನಿಗಳು ಕೊಂಡರು. ಬೆಂಕಿಗೂಡಿನ ಮೇಲೆ ಜಿಂಕೆಯ ಕೊಂಬಿದ್ದ ಕಡೆ ದೇವರ ಪಟ ಬಂತು. ಹೊರಗಿದ್ದ ಅಡಿಗೆಮನೆ ಒಳಗೆ ಬಂತು. ಮನೆ ಮಾತ್ರ ಉಳಿಯಿತು, ಏಕೆಂದರೆ ಕೊಂಡವರು ಅದರಲ್ಲಿ ವಾಸಕ್ಕೆ ಬಂದರು.

ತೊಟ್ಟಿಮನೆಯ ಪಾಲು

ಗೌಡರ, ಪಟೇಲರ ತೊಟ್ಟಿಮನೆಗಳ ಕಥೆ ಬೇರೆ. ಅವನ್ನು ಯಾರೂ ಮಾರುವುದಕ್ಕೆಂದು ಕಟ್ಟಿದ್ದಲ್ಲ. ಬೀಟೆ, ಹಲಸಿನ ಕಂಬಗಳು, ಮಧ್ಯೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಜಗಲಿ, ಪಡಸಾಲೆ, ಭತ್ತ ತುಂಬುವ ಕಣಜ, ಮೇಲೆ ಅಟ್ಟ, ಹಿಂದೆ ದೊಡ್ಡ ಹಂಡೆಯ ಬಚ್ಚಲು. ಮಳೆಗಾಲದ ಮೂರು ತಿಂಗಳು ಹೊರಗೆ ಕಾಲಿಡದೆ ಇಪ್ಪತ್ತು ಮೂವತ್ತು ಜನ ಉಂಡು, ಮಲಗಿ, ಜಗಳವಾಡಿ, ರಾಜಿಯಾಗಲು ಬೇಕಾದ ಎಲ್ಲವೂ ಆ ಮಾಡಿನ ಕೆಳಗಿತ್ತು.

ಇಂಥ ಮನೆ ಮಾರಾಟವಾಗುವ ಮೊದಲು ಪಾಲಾಗುತ್ತದೆ. ಅಣ್ಣನಿಗೆ ಪಡಸಾಲೆ, ತಮ್ಮನಿಗೆ ಅಡಿಗೆಮನೆ ಎಂದು ತೊಟ್ಟಿಯ ನಡುವೆಯೇ ಗೋಡೆ ಎದ್ದದ್ದುಂಟು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ ೧೯೯೪ರಲ್ಲಿ, ಇಡೀ ದೇಶ ೨೦೦೫ರಲ್ಲಿ ಕಾನೂನು ಮಾಡಿದವು. ಅದು ನ್ಯಾಯವೇ. ಆದರೆ ಈಗ ಒಂದು ಮನೆಗೆ ಹತ್ತು ಹಕ್ಕುದಾರರು. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಅಮೆರಿಕದಲ್ಲಿ, ಊರಿನಲ್ಲಿ ಉಳಿದವರು ವಯಸ್ಸಾದ ಇಬ್ಬರು. ಹೆಂಚು ಬದಲಿಸುವ ಖರ್ಚಿಗೆ ಯಾರು ಕೈಹಾಕಬೇಕು ಎಂಬುದು ತೀರ್ಮಾನವಾಗುವುದೇ ಇಲ್ಲ.

ಕಾಫಿ ಬೆಲೆಯ ಏರಿಳಿತವೂ ಇದರೊಳಗೆ ಸೇರಿದೆ. ೧೯೯೪ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಡಿದಾಗ ಇಲ್ಲಿ ಬೆಲೆ ಏರಿತು. ಕೈಯಲ್ಲಿ ಹಣ ಆಡಿದಾಗ ಅನೇಕರು ಹಳೆಯ ಮನೆಯ ಪಕ್ಕದಲ್ಲೇ ತಾರಸಿ ಮನೆ ಕಟ್ಟಿ ಅಲ್ಲಿಗೆ ಹೋದರು; ಹಳೆಯದು ಕಾಫಿ ಮೂಟೆಯ ಗೋದಾಮಾಯಿತು. ೨೦೦೦ದ ಹೊತ್ತಿಗೆ ಬೆಲೆ ನೆಲ ಕಚ್ಚಿದಾಗ ಸಾಲ ಉಳಿಯಿತು. ಹೀಗೆ ಸುಗ್ಗಿಯಲ್ಲಿ ಖಾಲಿಯಾದ ಮನೆ ಬರದಲ್ಲಿ ಮಾರಾಟಕ್ಕೆ ಬಂತು.

ಬೀಗ ಬಿದ್ದ ಮೇಲೆ

ಹಳೆಯ ಮನೆಗೆ ದೊಡ್ಡ ಶತ್ರು ಕೊಳ್ಳುವವರೇ ಎಂದು ಹಲವರು ತಿಳಿದಿದ್ದಾರೆ. ಮಲೆನಾಡಿನ ಮಳೆ ಗೊತ್ತಿದ್ದವರು ಬೀಗದ ಕಡೆ ಬೆರಳು ತೋರಿಸುತ್ತಾರೆ.

ಹೆಂಚಿನ ಮನೆ ನಿಲ್ಲುವುದು ಒಂದು ಸಣ್ಣ ಲೆಕ್ಕಾಚಾರದ ಮೇಲೆ. ಹೆಂಚಿನ ಕೆಳಗೆ ರೀಪು, ರೀಪಿನ ಕೆಳಗೆ ಪಕಾಸು, ಅದರ ಕೆಳಗೆ ತೊಲೆ, ಕೊನೆಗೆ ಮಣ್ಣಿನ ಗೋಡೆ. ಗಾಳಿಗೆ ಕೊಂಬೆ ಮುರಿದೋ ಕೋತಿ ಹಾರಿಯೋ ಒಂದು ಹೆಂಚು ಸರಿದರೆ ಸಾಕು, ನೀರು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತದೆ. ಮೊದಲ ಮಳೆಗಾಲದಲ್ಲಿ ರೀಪು ಕೊಳೆಯುತ್ತದೆ. ಮುಂದಿನದರಲ್ಲಿ ಪಕಾಸು ಬಾಗಿ ಅಕ್ಕಪಕ್ಕದ ಹೆಂಚೂ ಜಾರುತ್ತವೆ. ಗೋಡೆಯ ತಲೆ ನೆನೆದು ಗೆದ್ದಲು ಹತ್ತುತ್ತದೆ. ಗೋಡೆ ಒಂದು ಕಡೆ ಕುಸಿದರೆ ಮಾಡು ಕೂತಂತೆಯೇ.

ಜನವಿದ್ದ ಮನೆಯಲ್ಲಿ ಇದು ನಡೆಯದು. ತೊಟ್ಟಿಕ್ಕುವ ಸದ್ದು ರಾತ್ರಿಯೇ ಕೇಳುತ್ತದೆ, ಬೆಳಿಗ್ಗೆ ಯಾರೋ ಏಣಿ ಹಾಕುತ್ತಾರೆ. ಬೇಸಿಗೆಯ ಕೊನೆಯಲ್ಲಿ, ಮುಂಗಾರಿಗೆ ಮುಂಚೆ, ಹೆಂಚು ಕೈಯಾಡಿಸುವುದು ಎಂಬ ಕೆಲಸವೇ ಇತ್ತು: ಹೆಂಚು ಇಳಿಸಿ, ಕಸ ಗುಡಿಸಿ, ಒಡೆದದ್ದನ್ನು ತೆಗೆದು ಮತ್ತೆ ಹೊದಿಸುವುದು. ಸೌದೆ ಒಲೆಯ ಹೊಗೆ ದಿನವೂ ಅಟ್ಟಕ್ಕೆ ಏರಿ ಮರವನ್ನು ಒಣಗಿಸಿ, ಹುಳು ಬೀಳದಂತೆ ಕಾಯುತ್ತಿತ್ತು. ಒಲೆ ಹೋಗಿ ಗ್ಯಾಸು ಬಂದಾಗ ಹೆಂಗಸರ ಕಣ್ಣಿಗೆ ನೆಮ್ಮದಿಯಾಯಿತು, ಅಟ್ಟದ ಕಾವಲುಗಾರ ಮಾತ್ರ ಕೆಲಸ ಬಿಟ್ಟ.

ಆದ್ದರಿಂದ ಮಾರಿದ ಮನೆಗಿಂತ ಮುಚ್ಚಿದ ಮನೆ ಬೇಗ ಬೀಳುತ್ತದೆ. ಬಿದ್ದದ್ದನ್ನು ಅದೇ ಮರದಲ್ಲಿ ಎತ್ತುವುದೂ ಸುಲಭವಲ್ಲ. ಅಂಥ ಬೀಟೆ ಇಂದು ಅಪರೂಪ, ಸ್ವಂತ ತೋಟದಲ್ಲಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಎದುರಿನ ಗುಡ್ಡದ ಕೋಟೆ ಸಂರಕ್ಷಿತ ಸ್ಮಾರಕ. ಖಾಸಗಿ ಮನೆಗೆ ಅದರ ಮಾಲೀಕನೇ ಪುರಾತತ್ವ ಇಲಾಖೆ.

ಕೊಳ್ಳುವವರು ಯಾರು?

ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಲು ಕರ್ನಾಟಕದಲ್ಲಿ ಇದ್ದ ಅಡ್ಡಿಯನ್ನು ೨೦೨೦ರಲ್ಲಿ ತೆಗೆಯಲಾಯಿತು. ಕಾಫಿ ತೋಟಕ್ಕೆ ಆ ಅಡ್ಡಿ ಅದಕ್ಕೂ ಮುಂಚೆಯೇ ಇರಲಿಲ್ಲ. ಭೂ ಸುಧಾರಣಾ ಕಾಯಿದೆಯ ೧೦೪ನೇ ಕಲಮು ಪ್ಲಾಂಟೇಷನ್ನುಗಳಿಗೆ ವಿನಾಯಿತಿ ಕೊಟ್ಟಿತ್ತು. ಹೀಗಾಗಿ ನಗರದ ಹಣ ಈ ಬೆಟ್ಟಗಳಿಗೆ ಬಂದದ್ದು ಆಶ್ಚರ್ಯವಲ್ಲ. ವ್ಯಾಪಾರ ಮಾತ್ರ ಸಾಮಾನ್ಯವಾಗಿ ಎಕರೆ ಲೆಕ್ಕದಲ್ಲಿ. ಕಾಫಿ ಎಷ್ಟು, ಮೆಣಸು ಎಷ್ಟು, ಮರ ಎಷ್ಟು, ನೀರಿದೆಯೇ, ಕಾರು ಬಾಗಿಲವರೆಗೆ ಹೋಗುತ್ತದೆಯೇ ಎಂದು ಕೇಳುತ್ತಾರೆ. ಹಳೆಯ ಮನೆಗೆ ಬೇರೆ ಬೆಲೆ ಕಟ್ಟುವುದು ಅಪರೂಪ. ಬೆಲೆಯಿಲ್ಲದ್ದನ್ನು ಕೆಡವಲು ಯಾರಿಗೂ ಸಂಕಟವಾಗುವುದಿಲ್ಲ.

ಕೆಡವದಿದ್ದರೂ ಅಪಾಯ ಉಂಟು. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಅರಮನೆಯಂಥ ಮನೆಗಳು ಬಿಡಿಬಿಡಿಯಾಗಿ ಮಾರಾಟವಾದವು. ಬಾಗಿಲು, ಕಂಬ, ಪಾತ್ರೆ ಎಲ್ಲವೂ ಕಾರೈಕುಡಿಯ ಹಳೆಸಾಮಾನಿನ ಅಂಗಡಿ ಸೇರಿದವು. ಶ್ರೀಲಂಕಾದ ಗಾಲೆ ಕೋಟೆಯೊಳಗಿನ ಊರು ೧೯೮೮ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಹೊರಗಿನವರು ಕೊಂಡ ಹಳೆಯ ಮನೆಗಳು ಅಂದವಾಗಿ ದುರಸ್ತಿಯಾದವು, ಆದರೆ ಹಲವು ಹೋಟೆಲುಗಳಾದವು, ನೆರೆಹೊರೆ ತೆಳುವಾಯಿತು. ಘಾಟಿ ಇಳಿದು ಮಣಿಪಾಲಕ್ಕೆ ಹೋದರೆ ಇನ್ನೊಂದು ದಾರಿ ಕಾಣುತ್ತದೆ. ವಿಜಯನಾಥ ಶೆಣೈ ಅವರು ಬೀಳುತ್ತಿದ್ದ ಮನೆಗಳನ್ನು ಊರೂರಿಂದ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ದೊಡ್ಡ ಕೆಲಸ ಅದು. ಆದರೂ ಅಲ್ಲಿನ ಒಲೆಗಳಲ್ಲಿ ಅಡಿಗೆಯಾಗುವುದಿಲ್ಲ.

ಇವೆಲ್ಲದರ ನಡುವೆ ಸಕಲೇಶಪುರದ ಹೋಂಸ್ಟೇಗಳನ್ನು ತೂಗಿ ನೋಡಬೇಕು. ಕೆಲವರು ಹಳೆಯ ಮನೆಯ ಮುಖಕ್ಕೆ ಬಣ್ಣ ಬಳಿದು, ಹಿಂದೆ ಸಿಮೆಂಟಿನ ಕೋಣೆಗಳನ್ನು ಎಬ್ಬಿಸಿ, ರಾತ್ರಿ ಹಾಡು ಹಾಕುತ್ತಾರೆ. ಇನ್ನು ಕೆಲವರು ತಾವೂ ಅದೇ ಮನೆಯಲ್ಲಿದ್ದು ಎರಡು ಕೋಣೆ ಮಾತ್ರ ಅತಿಥಿಗಳಿಗೆ ಬಿಟ್ಟು, ಬಂದ ಹಣದಲ್ಲಿ ಮಾಡು ರಿಪೇರಿ ಮಾಡಿಸುತ್ತಾರೆ. ಎರಡನೆಯ ಬಗೆಯದರಲ್ಲಿ ಒಲೆ ಉರಿಯುತ್ತದೆ, ಮನೆ ಉಳಿಯುತ್ತದೆ.

ಇಲ್ಲಿ ಮನೆ ಕೊಳ್ಳುವವರು ಕಾಡಾನೆಯನ್ನೂ ನೆರೆಯವನೆಂದು ಒಪ್ಪಿಕೊಳ್ಳಬೇಕು. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಮತ್ತು ಮನುಷ್ಯರ ಸಂಘರ್ಷ ಹಳೆಯದು. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನ ೨೦೨೩ರ ಡಿಸೆಂಬರಿನಲ್ಲಿ ಸತ್ತದ್ದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ವೇಳೆ. ಸಂಜೆಯ ಮೇಲೆ ತೋಟದ ದಾರಿಯಲ್ಲಿ ಒಂಟಿಯಾಗಿ ನಡೆಯಬೇಡಿ ಎಂದು ಮನೆಯವರು ಹೇಳಿದರೆ ಅದು ಬರಿಯ ಉಪಚಾರದ ಮಾತಲ್ಲ.

ಮಕ್ಕಳಿಗೆ ಒಂದು ಕೆಲಸ

ಅಜ್ಜನ ಮನೆ ಇಂಥದ್ದಾಗಿದ್ದರೆ ಈ ರಜೆಯಲ್ಲಿ ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು ಹಿಡಿದು ಹೋಗಿ. ಮನೆಯ ನಕ್ಷೆ ಬರೆಯಿರಿ. ಕಂಬಗಳನ್ನು, ಬಾಗಿಲುಗಳನ್ನು ಎಣಿಸಿ, ಯಾವ ಮರ ಎಂದು ಕೇಳಿ. ಬಾಣಂತಿ ಕೋಣೆ ಯಾವುದು, ಮಕ್ಕಳು ಎಲ್ಲಿ ಮಲಗುತ್ತಿದ್ದರು, ಆಳುಗಳು ಎಲ್ಲಿಯವರೆಗೆ ಒಳಗೆ ಬರಬಹುದಿತ್ತು ಎಂಬುದನ್ನೂ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಹಿತವಾಗಿರದಿದ್ದರೂ ಬರೆದಿಡಿ. ಒಡೆದು ಬಿದ್ದ ಹೆಂಚಿನ ಬೆನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಇಸವಿ ಇದ್ದರೆ ಅದು ಕಾರ್ಖಾನೆ ಶುರುವಾದ ವರ್ಷವೂ ಆಗಿರಬಹುದು, ಮನೆಯ ವಯಸ್ಸೆಂದು ಆತುರಪಡಬೇಡಿ. ಪಕಾಸು, ರೀಪು, ಮುಚ್ಚಿಗೆ, ಸೂರು, ಕಣಜ: ಮನೆಯ ಜೊತೆ ಈ ಮಾತುಗಳೂ ಹೋಗುತ್ತವೆ. ಅವನ್ನು ಹೇಳುವವರು ಇರುವಾಗಲೇ ಪಟ್ಟಿ ಮಾಡಿ.

ಹಿರಿಯರಿಗೂ ಒಂದು ಮಾತು. ಮಾರಲೇಬೇಕಾದರೆ ಮಾರಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಹಕ್ಕುದಾರರೆಲ್ಲ ಕೂತು ಮನೆಯ ವಿಷಯವನ್ನು ತೋಟದಿಂದ ಬೇರೆಯಾಗಿ ಮಾತಾಡಿ, ತೀರ್ಮಾನವಾಗುವವರೆಗೆ ಮಾಡು ಸೋರದಂತೆ ನೋಡಿಕೊಳ್ಳಿ. ಕೊಳ್ಳುವವರು ಪಹಣಿ, ಮ್ಯುಟೇಷನ್, ಋಣಭಾರ ಪತ್ರ, ಸರ್ವೆ ನಕ್ಷೆ ಎಲ್ಲವನ್ನೂ ನೋಡಿ, ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಇದೆಯೇ, ಗಡಿ ಅರಣ್ಯಕ್ಕೆ ತಾಗಿದೆಯೇ ಎಂದು ವಿಚಾರಿಸುವುದು ಜಾಣತನ.

ಬೆಂಗಳೂರಿನಿಂದ ಸಕಲೇಶಪುರ ಸುಮಾರು ೨೨೦ ಕಿ.ಮೀ. ಬಸ್ಸೂ ಉಂಟು, ಮಂಗಳೂರು ಮಾರ್ಗದ ರೈಲೂ ಉಂಟು. ನೋಡಲು ಹೋಗುವವರಿಗೆ ಅಕ್ಟೋಬರಿನ ಮೇಲೆ ಹಿತ. ಕೊಳ್ಳಲು ಹೋಗುವವರು ಮಾತ್ರ ಜುಲೈ ತಿಂಗಳ ಜಡಿಮಳೆಯಲ್ಲೇ ಒಮ್ಮೆ ಹೋಗಬೇಕು. ಮಾಡಿನ ಕೆಳಗೆ ನಿಂತು ಮೇಲೆ ನೋಡಬೇಕು. ಎಕರೆ ಎಷ್ಟು ಎಂದು ಕೇಳುವುದಕ್ಕೆ ಮುಂಚೆ, ಈ ಊರಿನಲ್ಲಿ ಹೆಂಚು ಕೈಯಾಡಿಸಲು ಬರುವವರು ಇನ್ನೂ ಯಾರಿದ್ದಾರೆ ಎಂದು ಕೇಳಬೇಕು.