ಬೆಳ್ಳಿ ಗೆದ್ದವಳ ಕಣ್ಣೀರು

2016ರ ಆಗಸ್ಟ್ ತಿಂಗಳಿನ ಎರಡು ರಾತ್ರಿಗಳನ್ನು ನಾವು ಮನೆಮಂದಿಯೆಲ್ಲ ನಿದ್ರೆಯಿಲ್ಲದೆ ಕಳೆದೆವು. ಮೊದಲ ರಾತ್ರಿ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದಳು. ಮರುರಾತ್ರಿಯ ಜಾಗರಣೆ ನನ್ನ ತಂದೆಯವರ ಹಟಕ್ಕಾಗಿ. ಹರೆಯವನ್ನು ಗರಡಿಯ ಮಣ್ಣಿನಲ್ಲಿ ಕಳೆದವರು ಅವರು. ಅಣ್ಣಂದಿರನ್ನು ಕರೆದೊಯ್ಯುತ್ತಿದ್ದ ಆ ಗರಡಿಯ ಹೊಸ್ತಿಲನ್ನು ನನಗೆ ಒಮ್ಮೆಯೂ ದಾಟಗೊಡಲಿಲ್ಲ. ಅಂಥವರು ಜಪಾನಿನ ಹೆಣ್ಣುಮಗಳೊಬ್ಬಳ ಕುಸ್ತಿಯನ್ನು ನೋಡಲೇಬೇಕೆಂದು ಕುಳಿತಿದ್ದರು.

ಆಕೆ ಸಾವೊರಿ ಯೊಶಿದಾ. 1982ರಲ್ಲಿ ಮಿಎ ಪ್ರಾಂತದ ತ್ಸು ನಗರದಲ್ಲಿ ಜನಿಸಿದವಳು. ತಂದೆ ಏಕಾತ್ಸು ರಾಷ್ಟ್ರಮಟ್ಟದ ಚಾಂಪಿಯನ್ ಆಗಿದ್ದವರು, ಮನೆಯಲ್ಲಿಯೇ ಕುಸ್ತಿಶಾಲೆ ನಡೆಸುತ್ತಿದ್ದರು. ಮೂರು ವರ್ಷದ ಮಗಳನ್ನೂ ಅಣ್ಣಂದಿರ ಜೊತೆಗೇ ಕಣಕ್ಕಿಳಿಸಿದರು. ಎಳವೆಯಲ್ಲಿ ಒಬ್ಬ ಹುಡುಗನಿಗೆ ಸೋತು, ಅವನ ಕೊರಳಿನ ಪದಕ ತನಗೂ ಬೇಕೆಂದು ಅವಳು ಹಟ ಹಿಡಿದಾಗ, ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲವೆಂದು ತಂದೆ ತಿಳಿಹೇಳಿದರಂತೆ.

ಮಿಂಚಿನಂತೆ ನುಗ್ಗಿ ಎದುರಾಳಿಯ ಕಾಲು ಹಿಡಿಯುವುದು ಅವರು ಕಲಿಸಿದ ಮುಖ್ಯ ಪಟ್ಟು. 2002ರಿಂದ 2015ರವರೆಗೆ ಅವಳಿಗೆ 13 ವಿಶ್ವ ಪ್ರಶಸ್ತಿಗಳು ದೊರೆತವು. ಮಹಿಳಾ ಕುಸ್ತಿಗೆ ಮೊದಲ ಬಾರಿ ಅವಕಾಶ ದೊರೆತ 2004ರ ಅಥೆನ್ಸ್, ಅನಂತರ ಬೀಜಿಂಗ್, ಲಂಡನ್, ಮೂರೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ. ನಡುವೆ 2008ರ ಜನವರಿಯಲ್ಲಿ, ಸತತ 119 ಗೆಲುವುಗಳ ಬಳಿಕ, ಅಮೆರಿಕದ ಮಾರ್ಸಿ ವ್ಯಾನ್ ಡ್ಯೂಸನ್ ಅವಳನ್ನು ಸೋಲಿಸಿದ್ದುಂಟು. ಏಳು ತಿಂಗಳಲ್ಲಿಯೇ ಬೀಜಿಂಗ್‌ನಲ್ಲಿ ಅವಳು ಮತ್ತೆ ಗೆದ್ದಳು.

2012ರಲ್ಲಿ ಲಂಡನ್ನಿನಲ್ಲಿ ಗೆದ್ದೊಡನೆ, ತರಬೇತುದಾರನಾಗಿ ಕಣದ ಪಕ್ಕದಲ್ಲಿದ್ದ ತಂದೆಯನ್ನು ಅವಳು ಹೆಗಲ ಮೇಲೆ ಹೊತ್ತಳು. ಆ ಚಿತ್ರವನ್ನು ನನ್ನ ತಂದೆಯವರು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದರು. 2014ರ ಮಾರ್ಚಿಯಲ್ಲಿ ಏಕಾತ್ಸು ಹಠಾತ್ತನೆ ತೀರಿಕೊಂಡರು. ಕೆಲವೇ ದಿನಗಳಲ್ಲಿ ಮಗಳು ಟೋಕಿಯೊದ ವಿಶ್ವಕಪ್ಪಿನ ಕಣದಲ್ಲಿದ್ದಳು.

ರಿಯೊದ 53 ಕಿಲೊ ವಿಭಾಗದ ಅಂತಿಮ ಪಂದ್ಯದಲ್ಲಿ ಮೊದಲ ಅವಧಿ ಮುಗಿದಾಗ ಯೊಶಿದಾ ಒಂದು ಅಂಕ ಮುಂದಿದ್ದಳು. ಎದುರಾಳಿ ಅಮೆರಿಕದ ಹೆಲೆನ್ ಮರೌಲಿಸ್, 2012ರ ವಿಶ್ವ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಇವಳಿಗೇ ಸೋತಿದ್ದವಳು. "ಆ ಹುಡುಗಿ ಇಕೀ ಪಟ್ಟು ಪೂರಾ ಓದಿಕೊಂಡು ಬಂದಾಳ," ಎಂದರು ತಂದೆಯವರು. ಹಾಗೆಯೇ ಆಯಿತು. 4-1. ಯೊಶಿದಾ ಕಣದಲ್ಲಿಯೇ ಕುಸಿದು ಅತ್ತಳು.

ತಂಡದ ನಾಯಕಿಯಾಗಿ ಚಿನ್ನ ತರಲಾಗದ್ದಕ್ಕೆ ಅವಳು ಕ್ಷಮೆ ಕೇಳಿದಳೆಂಬ ಸುದ್ದಿಯನ್ನು ಓದಿ ಕಾಲೇಜಿನಲ್ಲಿದ್ದ ನನ್ನ ಮಗಳು, "ಅವ್ವಾ, ಬೆಳ್ಳಿ ಗೆದ್ದಾಕಿ ಯಾಕ ಕ್ಷಮಾ ಕೇಳತಾಳ?" ಎಂದಳು. ನನಗೂ ಅದು ಅನ್ಯಾಯವೆನಿಸಿತು. ಆರು ವಿಭಾಗಗಳಲ್ಲಿ ನಾಲ್ಕು ಚಿನ್ನವನ್ನು ಅಲ್ಲಿ ಜಪಾನಿನ ಹೆಣ್ಣುಮಕ್ಕಳೇ ಗೆದ್ದಿದ್ದರು. ಅವರಿಗೆಲ್ಲ ದಾರಿ ತೋರಿದವರಲ್ಲಿ ಇವಳೊಬ್ಬಳು. ತಂದೆಯವರು ಮಾತ್ರ ಏನೂ ಹೇಳಲಿಲ್ಲ.

2019ರ ಜನವರಿಯಲ್ಲಿ ಯೊಶಿದಾ ನಿವೃತ್ತಳಾದಳು. ಸೋತವರ ಮನಸ್ಸನ್ನು ತನಗೆ ತಿಳಿಸಿಕೊಟ್ಟದ್ದು, ತನ್ನನ್ನು ಬೆಳೆಸಿದ್ದು ರಿಯೊದ ಆ ಬೆಳ್ಳಿಯೇ ಎಂದು ಅವಳು ಹೇಳಿದ್ದನ್ನು ತಂದೆಯವರಿಗೆ ನಾನೇ ಓದಿ ಹೇಳಿದೆ. ಅವರು ಲಂಡನ್ನಿನ ಹಳೆಯ ಚಿತ್ರವನ್ನು ತರಿಸಿಕೊಂಡು ಬಹಳ ಹೊತ್ತು ನೋಡುತ್ತ ಕುಳಿತರು. ಆಮೇಲೆ, "ನಿನ್ನೂ ಒಮ್ಮಿ ಗರಡಿ ಒಳಗ ಕರಕೊಂಡು ಹೋಗಬೇಕಿತ್ತವ್ವಾ," ಎಂದರು.

ಆಗ ನನಗೆ 52 ವರ್ಷ.