ನೂರಕ್ಕೆ ತೊಂಬತ್ತೆಂಟು

ಕನ್ನಡ ಪತ್ರಿಕೆಗೆ ನೂರಕ್ಕೆ ತೊಂಬತ್ತೆಂಟು ಕೊಡುವ ಮೇಷ್ಟ್ರನ್ನು ನಮ್ಮ ಕಾಲದಲ್ಲಿ ಯಾರೂ ನಂಬುತ್ತಿರಲಿಲ್ಲ. ಗಣಿತಕ್ಕಾದರೆ ಕೊಡಲಿ, ಅಲ್ಲಿ ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕನ್ನಡದಲ್ಲಿ ಹುಡುಗಿ ಪ್ರಬಂಧವನ್ನು ಎಷ್ಟೇ ಚೆನ್ನಾಗಿ ಬರೆದಿರಲಿ, ಒಂದೆರಡು ಅಂಕ ನಮ್ಮ ಕೈಯಲ್ಲೇ ಹಿಡಿದಿಟ್ಟುಕೊಳ್ಳುವುದು ವೃತ್ತಿಯ ರೂಢಿ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಬೇಸಿಗೆ ರಜೆಯಲ್ಲಿ ಮೌಲ್ಯಮಾಪನ ಕೇಂದ್ರದ ಬೆಂಚಿನ ಮೇಲೆ ಕುಳಿತು ಕಟ್ಟುಗಟ್ಟಲೆ ಉತ್ತರ ಪತ್ರಿಕೆ ತಿದ್ದಿದವಳು ನಾನು. ಹಾಗಾಗಿ, ಅಮೆರಿಕದಲ್ಲಿ ಒಂದು ವಿಡಿಯೋ ಗೇಮಿಗೆ, ಅದೂ ಅದರ ಎರಡನೆಯ ಭಾಗಕ್ಕೆ, ವಿಮರ್ಶಕರೆಲ್ಲ ಸೇರಿ ಸರಾಸರಿ 98 ಕೊಟ್ಟಿದ್ದಾರೆ ಎಂದು ತಂಗಿಯ ಮಗ ಹೇಳಿದಾಗ ನನ್ನ ಕಿವಿ ನೆಟ್ಟಗಾದದ್ದು ಆಟದ ಮೇಲಿನ ಆಸೆಯಿಂದಲ್ಲ, ಅಂಕದ ಮೇಲಿನ ಗುಮಾನಿಯಿಂದ.

ಎರಡನೆಯ ಭಾಗ ಎಂದರೆ ಏನೆಂದು ನಮಗೆಲ್ಲ ಗೊತ್ತು. ಮೊದಲನೆಯದು ಗೆದ್ದಿರುತ್ತದೆ. ಗೆದ್ದ ಬಿಸಿ ಆರುವ ಮೊದಲೇ ಅದೇ ಕತೆ, ಅದೇ ಮುಖಗಳನ್ನು ಇಟ್ಟುಕೊಂಡು ಇನ್ನೊಂದು ಮಾಡುತ್ತಾರೆ. ನಿನ್ನೆಯ ಹುಳಿಗೆ ನೀರು ಬೆರೆಸಿ ಕುದಿಸಿದ ಹಾಗೆ. ಸಿನಿಮಾದಲ್ಲಿ ನೋಡಿದ್ದೇವೆ, ಧಾರಾವಾಹಿಯಲ್ಲಂತೂ ದಿನವೂ ನೋಡುತ್ತೇವೆ. ಹೀಗಿರುವಾಗ ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ಅಂಕ ತೆಗೆದುಕೊಂಡಿತೆಂದರೆ ಅದರಲ್ಲಿ ಏನೋ ಇರಲೇಬೇಕಲ್ಲವೆ?

ಆಟದ ಹೆಸರು 'ಟೋನಿ ಹಾಕ್ಸ್ ಪ್ರೊ ಸ್ಕೇಟರ್ 2'. ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಪುಟ್ಟ ಚಕ್ರಗಳ ಮೇಲೆ ಕೂರಿಸಿದ ಮರದ ಹಲಗೆ. ಕ್ಯಾಲಿಫೋರ್ನಿಯಾದಲ್ಲಿ ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ತೇಲುತ್ತಿದ್ದ ಹುಡುಗರು ಅಲೆ ಇಲ್ಲದ ದಿನ ರಸ್ತೆಯ ಮೇಲೆ ಅದನ್ನೇ ಆಡಲು ಹೋಗಿ ಹುಟ್ಟಿಸಿಕೊಂಡ ಆಟ. ಟೋನಿ ಹಾಕ್ ಈ ಆಟದ ದೊಡ್ಡ ಹೆಸರು. 1999ರ ಜೂನ್ ತಿಂಗಳಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸ್ಪರ್ಧೆಯಲ್ಲಿ ಆತ ಹಲಗೆಯ ಸಮೇತ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ನಿಂತ. ಸ್ಪರ್ಧೆಯಲ್ಲಿ ಅದನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಆ ದಿನವೂ ಮತ್ತೆ ಮತ್ತೆ ಬಿದ್ದು, ಮತ್ತೆ ಮತ್ತೆ ಎದ್ದು, ಕೊನೆಗೆ ಮಾಡಿದ. ಆಗ ಅವನಿಗೆ ಮೂವತ್ತೊಂದು ವರ್ಷ. ಅದೇ ವರ್ಷ ಅವನ ಹೆಸರಿನಲ್ಲಿ ಆಕ್ಟಿವಿಷನ್ ಕಂಪನಿ ಈ ಆಟದ ಮೊದಲ ಭಾಗವನ್ನು ಹೊರತಂದಿತು. ತಯಾರಿಸಿದವರು ನೆವರ್‌ಸಾಫ್ಟ್ ಎಂಬ ಕ್ಯಾಲಿಫೋರ್ನಿಯಾದ ಸಂಸ್ಥೆಯವರು. ಎರಡನೆಯ ಭಾಗ ಬಂದದ್ದು 2000ದ ಸೆಪ್ಟೆಂಬರಿನಲ್ಲಿ.

ತಂಗಿಯ ಮಗ ಬೆಂಗಳೂರಿನ ಒಂದು ಗೇಮ್ ಕಂಪನಿಯಲ್ಲಿ ತಪ್ಪು ಹುಡುಕುವ ಕೆಲಸ ಮಾಡುತ್ತಾನೆ. ತಯಾರಾಗುತ್ತಿರುವ ಆಟವನ್ನು ದಿನಕ್ಕೆ ಒಂಬತ್ತು ತಾಸು ಆಡುವುದು, ಎಲ್ಲಿ ಕೆಟ್ಟಿದೆ ಎಂದು ಪಟ್ಟಿ ಮಾಡುವುದು. "ನಿನ್ನದೇ ಕೆಲಸ ದೊಡ್ಡಮ್ಮ, ಕೆಂಪು ಶಾಯಿ ಇಲ್ಲ ಅಷ್ಟೆ" ಎನ್ನುತ್ತಾನೆ. ಆ 98ರ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದವನು ಅವನೇ. ಟಿ.ವಿ.ಯ ಮುಂದೆ ಕೂರಿಸಿಕೊಂಡು ಆಡಿಯೂ ತೋರಿಸಿದ.

ಆಟದ ನಿಯಮ ಸರಳ. ಎರಡು ನಿಮಿಷ ಕೊಡುತ್ತಾರೆ. ಅಷ್ಟರಲ್ಲಿ ಹಾರಬೇಕು, ಹಲಗೆ ತಿರುಗಿಸಬೇಕು, ಕಂಬಿಯ ಮೇಲೆ ಜಾರಬೇಕು. ಒಂದಕ್ಕೊಂದು ಸೇರಿಸಿ ಮಾಡಿದ ಕಸರತ್ತುಗಳ ಅಂಕವನ್ನೆಲ್ಲ ಕೂಡಿ, ಎಷ್ಟು ಕಸರತ್ತೋ ಅಷ್ಟರಿಂದ ಗುಣಿಸುತ್ತಾರೆ. ನಡುವೆ ಬಿದ್ದರೆ ಆ ಸರಣಿಯ ಅಷ್ಟೂ ಸೊನ್ನೆ. ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದಿದೆ. ಒಂದೇ ಕಸರತ್ತನ್ನು ಮತ್ತೆ ಮತ್ತೆ ಮಾಡಿದರೆ ಪ್ರತಿ ಸಲವೂ ಅಂಕ ಕಡಿಮೆಯಾಗುತ್ತ ಹೋಗುತ್ತದೆ. ಪ್ರಬಂಧದಲ್ಲಿ ಒಂದೇ ಗಾದೆಯನ್ನು ಮೂರು ಕಡೆ ತುರುಕುವ ಮಕ್ಕಳಿಗೆ ಇಂಥದ್ದೊಂದು ನಿಯಮ ಪರೀಕ್ಷಾ ಮಂಡಳಿಯವರು ಯಾಕೆ ತರಲಿಲ್ಲವೋ!

ಮೊದಲ ಭಾಗದಲ್ಲಿ ಹಾರಿ ನೆಲಕ್ಕೆ ಬಂದರೆ ಸರಣಿ ಮುಗಿಯುತ್ತಿತ್ತು. ಎರಡನೆಯ ಭಾಗದಲ್ಲಿ ತಯಾರಕರು 'ಮ್ಯಾನ್ಯುಯಲ್' ಎಂಬ ಒಂದು ಸಣ್ಣ ಚಲನೆಯನ್ನು ಸೇರಿಸಿದರು. ನೆಲಕ್ಕೆ ಇಳಿಯುತ್ತಲೇ ಎರಡು ಗುಂಡಿಗಳನ್ನು ಚಕಚಕನೆ ಒತ್ತಿದರೆ ಹಲಗೆ ಎರಡೇ ಚಕ್ರದ ಮೇಲೆ, ಮೂಗು ಎತ್ತಿಕೊಂಡು, ತೂಗಾಡುತ್ತ ಮುಂದಕ್ಕೆ ಹೋಗುತ್ತದೆ. ಅದು ಹೀಗೆ ಹೋಗುತ್ತಿರುವಷ್ಟು ಹೊತ್ತೂ ಸರಣಿ ಮುರಿಯುವುದಿಲ್ಲ. ಮುಂದಿನ ಕಂಬಿಯವರೆಗೆ, ಅಲ್ಲಿಂದ ಮುಂದಿನ ಗೋಡೆಯವರೆಗೆ ಹಾಗೇ ಎಳೆದುಕೊಂಡು ಹೋಗಬಹುದು. ವಿಮರ್ಶಕರು ಮೆಚ್ಚಿದ ಸಂಗತಿಗಳು ಬೇರೆಯೂ ಇದ್ದವು. ಆಡುವವರೇ ತಮಗೆ ಬೇಕಾದ ಮೈದಾನ ಕಟ್ಟಿಕೊಳ್ಳಬಹುದಿತ್ತು, ತಮ್ಮದೇ ಆಟಗಾರನನ್ನು ರೂಪಿಸಿಕೊಳ್ಳಬಹುದಿತ್ತು. ಆದರೆ ಆ ಅಂಕಕ್ಕೆ ನಿಜವಾದ ಕಾರಣ ಈ ಎರಡು ಚಕ್ರದ ತೂಗಾಟ ಎಂದು ಹುಡುಗ ಹೇಳಿದ. ನೋಡಿದ ಮೇಲೆ ನಾನೂ ಒಪ್ಪಿದೆ.

ಯಾಕೆಂದರೆ ಇದನ್ನೇ ನಾನು ವರ್ಷವರ್ಷವೂ ಎಂಟನೆಯ ತರಗತಿಗೆ ಹೇಳಿಕೊಟ್ಟದ್ದು. ಮನೆ, ಅನ್ನು. ಎರಡೂ ಪಕ್ಕಪಕ್ಕ ನಿಂತರೆ ಉಚ್ಚಾರ ಮುರಿಯುತ್ತದೆ. ನಡುವೆ ಒಂದು ಯಕಾರ ಬಂದು ನಿಂತಿತೆಂದರೆ 'ಮನೆಯನ್ನು' ಎಂದು ನಾಲಗೆ ಜಾರಿಕೊಂಡು ಹೋಗುತ್ತದೆ. ಆ ಯಕಾರಕ್ಕೆ ತನ್ನದೆಂಬ ಅರ್ಥವಿಲ್ಲ. ಮ್ಯಾನ್ಯುಯಲಿಗೂ ತನ್ನದೆಂದು ದೊಡ್ಡ ಅಂಕವಿಲ್ಲ. ಆಗಮ ಸಂಧಿ, ಮತ್ತೇನು! ಹೊಸ ಕತೆ ಯಾವುದನ್ನೂ ತರದೆ ಇದ್ದದ್ದನ್ನೇ ಒಂದಕ್ಕೊಂದು ಹೊಂದಿಸುವ ಕೀಲೊಂದನ್ನು ತಂದವರಿಗೆ ವಿಮರ್ಶಕರು ಆ ಅಂಕ ಕೊಟ್ಟರು ಎಂದು ತಿಳಿದಾಗ ನನ್ನ ಗುಮಾನಿ ಇಳಿಯಿತು. ಮೌಲ್ಯಮಾಪನ ಬಲ್ಲವರು ಮಾಡಿದ ಕೆಲಸ ಅದು. ವಿಮರ್ಶೆಗಳನ್ನೆಲ್ಲ ಕೂಡಿಸಿ ಸರಾಸರಿ ಕಟ್ಟುವ ಮೆಟಾಕ್ರಿಟಿಕ್ ಎಂಬ ಲೆಕ್ಕದಲ್ಲಿ ಇದಕ್ಕಿಂತ ಮೇಲೆ, 99 ಪಡೆದು ನಿಂತಿರುವುದು 1998ರ 'ಝೆಲ್ಡಾ' ಆಟವೊಂದೇ.

ಒಂದು ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಮುಳ್ಳಾಡಿತು. ಎರಡನೆಯ ಭಾಗದಲ್ಲಿ ನಿಜಜೀವನದ ಸ್ಕೇಟರುಗಳು ಹದಿಮೂರು ಜನ. ಅವರಲ್ಲಿ ಹೆಂಗಸು ಒಬ್ಬಳೇ, ಎಲಿಸ್ಸಾ ಸ್ಟೀಮರ್. ಮೊದಲ ಭಾಗದ ಹತ್ತು ಜನರಲ್ಲೂ ಅವಳೊಬ್ಬಳೇ ಇದ್ದಳು. ಅಂದರೆ ಹೆಚ್ಚಿಸಿದ ಮೂರೂ ಕುರ್ಚಿ ಗಂಡಸರಿಗೇ ಹೋದವು. ಹುಡುಗ ನನಗೆ ಓದಿ ಹೇಳಿದ ಹೊಗಳಿಕೆಗಳಲ್ಲಿ ಈ ಸಂಗತಿ ಎಲ್ಲೂ ಬರಲಿಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೊದಲ ಐದು ವರ್ಷ ನಾನೂ ಒಬ್ಬಳೇ ಇದ್ದೆ, ಅದಕ್ಕೇ ಇರಬೇಕು, ಆ ಲೆಕ್ಕ ನನಗೆ ಥಟ್ಟನೆ ಕಂಡಿತು.

ಇರಲಿ. ಮುಂದಿನ ಕತೆ ಅಷ್ಟು ಸುಖದ್ದಲ್ಲ. 2001ರ ಮೂರನೆಯ ಭಾಗಕ್ಕೂ 97 ಬಂತು. ಆಮೇಲೆ ಕಂಪನಿಗೆ ರುಚಿ ಹತ್ತಿತು. 1999ರಿಂದ 2007ರವರೆಗೆ ಒಂಬತ್ತು ವರ್ಷಕ್ಕೆ ಒಂಬತ್ತು ಆಟ. ನೆವರ್‌ಸಾಫ್ಟಿನವರು ವರ್ಷಕ್ಕೊಂದರಂತೆ ಹೆರುತ್ತಲೇ ಹೋದರು, ವಿಮರ್ಶಕರ ಅಂಕ ಮೆಲ್ಲಮೆಲ್ಲನೆ ಇಳಿಯುತ್ತಲೇ ಹೋಯಿತು. ಒಂದೇ ಕಸರತ್ತು ಪದೇಪದೇ ಮಾಡಿದರೆ ಅಂಕ ಕಡಿಮೆ ಎಂದು ಆಟದೊಳಗೆ ನಿಯಮ ಬರೆದವರೂ ಅವರೇ ಅಲ್ಲವೆ! 2009ರಲ್ಲಿ ಕೆಲಸ ರೋಬೋಮೋಡೊ ಎಂಬ ಬೇರೆ ಸಂಸ್ಥೆಯ ಕೈಗೆ ಹೋಯಿತು. ಅವರು ಗುಂಡಿಗಳ ಬದಲು ಕಾಲಡಿಗೆ ಇಟ್ಟುಕೊಳ್ಳುವ ಪ್ಲಾಸ್ಟಿಕ್ಕಿನ ಹಲಗೆಯೊಂದನ್ನು ಆಟದ ಜೊತೆಗೆ ಮಾರಿದರು, ಎರಡೂ ಸೇರಿ ಸುಮಾರು 120 ಡಾಲರು. ಹಲಗೆ ಹೇಳಿದ ಮಾತು ಕೇಳುವುದಿಲ್ಲ ಎಂದು ವಿಮರ್ಶಕರು ಅದನ್ನು ಮೂಲೆಗೆ ನಿಲ್ಲಿಸಿದರು.

2015ರ ಸೆಪ್ಟೆಂಬರಿನಲ್ಲಿ ಐದನೆಯ ಭಾಗ ಬಂತು. ಅದಕ್ಕೆ ಬಂದದ್ದು 32.

ನನ್ನ ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು. ಮೂವತ್ತೆರಡು ಎಂದ ಕೂಡಲೇ ನನ್ನ ಕೈ ತಾನಾಗಿಯೇ ಆ ಮೂರು ಅಂಕ ಎಲ್ಲಿ ಸಿಗಬಹುದೆಂದು ಹುಡುಕತೊಡಗಿತು. ಕೇಂದ್ರದಲ್ಲಿ ನಾವು ಹಾಗೇ ಮಾಡುತ್ತಿದ್ದೆವು. ಮೂವತ್ಮೂರು ಮೂವತ್ನಾಲ್ಕರ ಪತ್ರಿಕೆ ಬಂದರೆ ಮೊದಲಿನಿಂದ ಕೊನೆಯವರೆಗೆ ಮತ್ತೆ ಓದುವುದು, ಪತ್ರಲೇಖನದಲ್ಲಿ ವಿಳಾಸವಾದರೂ ಸರಿಯಾಗಿ ಬರೆದಿದ್ದಾಳೆಯೇ ಎಂದು ನೋಡುವುದು. ಈ ಆಟಕ್ಕೆ ಯಾರಾದರೂ ಹಾಗೆ ಹುಡುಕಿದರೇ ಎಂದು ಕೇಳಿದೆ. ಹುಡುಗ ನಕ್ಕ. ಪತ್ರಿಕೆಯಲ್ಲಿ ಬರೆದಿದ್ದರೆ ತಾನೆ ಹುಡುಕುವುದು? ಅಂಗಡಿಯಲ್ಲಿ ಕೊಂಡ ಡಿಸ್ಕಿನಲ್ಲಿ ಇದ್ದದ್ದು ಸುಮಾರು 4.6 ಗಿಗಾಬೈಟು. ಮನೆಗೆ ತಂದ ದಿನವೇ ಮತ್ತೆ 7.7 ಗಿಗಾಬೈಟು ಇಳಿಸಿಕೊಳ್ಳಬೇಕಿತ್ತು. ಅದಿಲ್ಲದೆ ಆಡಲು ಸಿಗುತ್ತಿದ್ದದ್ದು ಕಲಿಕೆಯ ಪಾಠ ಮತ್ತು ಮೈದಾನ ಕಟ್ಟುವ ಭಾಗ ಮಾತ್ರ. ಊಟಕ್ಕೆ ಕರೆದು ಎಲೆ ಹಾಕಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಅನ್ನ ಇನ್ನೂ ಒಲೆಯ ಮೇಲಿದೆ ಎಂದ ಹಾಗೆ.

ಇಳಿಸಿಕೊಂಡ ಮೇಲಾದರೂ? ಆಟಗಾರ ನೆಲದೊಳಗೆ ಹೂತುಹೋಗುತ್ತಿದ್ದ, ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿದ್ದ. ಹದಿನೈದು ವರ್ಷದಿಂದ ಎಲ್ಲರ ಬೆರಳಿಗೂ ಅಭ್ಯಾಸವಾಗಿದ್ದ ಕಂಬಿ ಹಿಡಿಯುವ ಗುಂಡಿಗೇ, ಗಾಳಿಯಿಂದ ದಡಕ್ಕನೆ ನೆಲಕ್ಕೆ ಇಳಿಸುವ ಹೊಸ ಚಲನೆಯೊಂದನ್ನು ಕಟ್ಟಿದ್ದರು. ಕಂಬಿ ಹಿಡಿಯಲು ಒತ್ತಿದವರು ನೆಲಕ್ಕೆ ಬಿದ್ದರು. ಚಿತ್ರ ಚೆನ್ನಾಗಿಲ್ಲವೆಂದು ಮೊದಲೇ ಟೀಕೆ ಬಂದಿತ್ತು, ಅದಕ್ಕೆ ಬಿಡುಗಡೆಗೆ ಒಂದೆರಡು ತಿಂಗಳಿರುವಾಗ ಪಾತ್ರಗಳ ಸುತ್ತ ಕಪ್ಪು ಗೆರೆ ಎಳೆದು ಕಾರ್ಟೂನಿನ ರೂಪ ಕೊಟ್ಟಿದ್ದರು. ಸೀದುಹೋದ ಪಲ್ಯಕ್ಕೆ ಕೊತ್ತಂಬರಿ ಉದುರಿಸುವುದನ್ನು ನಾವೂ ಮಾಡಿದ್ದೇವೆ, ಪಾಪ. ಟೋನಿ ಹಾಕ್‌ನ ಹೆಸರು ಬಳಸುವ ಕಂಪನಿಯ ಒಪ್ಪಂದ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಅವಸರಕ್ಕೆ ಅದೇ ಕಾರಣ ಎಂದು ಬಹಳ ಜನ ಬರೆದರು. ಮರುವರ್ಷ ರೋಬೋಮೋಡೊ ಬಾಗಿಲು ಹಾಕಿತು.

ಆ ನೆಲದೊಳಗೆ ಹೂತುಹೋಗುವ ಚಿತ್ರಗಳನ್ನು ಲೋಕವೆಲ್ಲ ನೋಡಿ ನಕ್ಕಿತಂತೆ. ನಾನೂ ನಕ್ಕೆ, ಸೊಂಟದವರೆಗೆ ಸಿಮೆಂಟಿನಲ್ಲಿ ಮುಳುಗಿದವನ ಕೈ ಮಾತ್ರ ಆಡುತ್ತಿತ್ತು. ಹುಡುಗ ನಗಲಿಲ್ಲ. "ಇದನ್ನು ಯಾವನೋ ನನ್ನಂಥವನು ಪಟ್ಟಿಯಲ್ಲಿ ಬರೆದೇ ಇರುತ್ತಾನೆ ದೊಡ್ಡಮ್ಮ. ದಿನಾಂಕ ಬಂದಿರುತ್ತೆ, ಪಟ್ಟಿ ಹಾಗೇ ಉಳಿದಿರುತ್ತೆ" ಎಂದ. ಆಮೇಲೆ ಇನ್ನೊಂದು ಸಂಗತಿ ಹೇಳಿದ. 2010ರಲ್ಲಿ 'ಫಾಲ್‌ಔಟ್: ನ್ಯೂ ವೆಗಾಸ್' ಎಂಬ ಬೇರೊಂದು ಆಟ ಬಂತು. ಮೆಟಾಕ್ರಿಟಿಕ್ಕಿನಲ್ಲಿ 85 ಬಂದರೆ ತಯಾರಿಸಿದ ಸಂಸ್ಥೆಗೆ ಹೆಚ್ಚಿನ ಹಣ ಎಂದು ಕರಾರು. ಬಂದದ್ದು 84. ಈ ವಿಷಯವನ್ನು ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರೇ 2012ರಲ್ಲಿ ಹೇಳಿದರು. ಒಂದು ಅಂಕ! ನಮ್ಮಲ್ಲಾದರೆ ಮರುಎಣಿಕೆಗೆ ಅರ್ಜಿ ಹಾಕಬಹುದು, ಮರುಮೌಲ್ಯಮಾಪನ ಕೇಳಬಹುದು. ಅವರಿಗೆ ಅದೂ ಇಲ್ಲ. ವಿಮರ್ಶಕ ತಾನು ಮೆಚ್ಚಿದ್ದೆಷ್ಟು ಎಂದು ಬರೆದುಕೊಂಡು ಮಲಗಿದ್ದಾನೆ, ಅದು ಇನ್ನೊಬ್ಬರ ಮನೆಯ ಅಕ್ಕಿಯ ಲೆಕ್ಕವಾಗಿದೆ ಎಂಬುದು ಅವನಿಗೂ ತಿಳಿದಿರಲಿಕ್ಕಿಲ್ಲ. 32 ಸರಿಯಾದ ಅಂಕವೇ, ನಾನು ತಿದ್ದಿದ್ದರೂ ಅಷ್ಟೇ ಕೊಡುತ್ತಿದ್ದೆ. ಆದರೆ ಉತ್ತರ ಪತ್ರಿಕೆಯ ಮೇಲಿದ್ದ ನಂಬರು ಪಟ್ಟಿ ಬರೆದವನದಾಯಿತು, ದಿನಾಂಕ ಗೊತ್ತುಮಾಡಿದವನದಲ್ಲ.

2020ರಲ್ಲಿ ಮೊದಲ ಎರಡು ಭಾಗಗಳನ್ನು ಹೊಸ ಯಂತ್ರಗಳಿಗಾಗಿ ಮತ್ತೆ ಮಾಡಿದರು. ಮಾಡಿದವರು ವಿಕೇರಿಯಸ್ ವಿಷನ್ಸ್ ಎಂಬವರು. ವಿಮರ್ಶಕರು ಮತ್ತೆ ಮನಸಾರೆ ಹೊಗಳಿದರು. ಎರಡನೆಯ ಭಾಗದ ಮ್ಯಾನ್ಯುಯಲನ್ನು ಮೊದಲನೆಯದಕ್ಕೂ ಕೊಟ್ಟಿದ್ದರು. ಹಳೆಯ ರೀತಿಯಲ್ಲೇ ಆಡುತ್ತೇನೆ ಎನ್ನುವವರು ಅದನ್ನು ತೆಗೆದಿಟ್ಟೂ ಆಡಬಹುದಿತ್ತು. ಎಲಿಸ್ಸಾ ಜೊತೆಗೆ ಈ ಸಲ ಲೆಟೀಶಿಯಾ ಬುಫೋನಿ, ಲಿಝಿ ಅರ್ಮಾಂಟೊ, ಆವೋರಿ ನಿಶಿಮುರಾ ಬಂದರು. ಇನ್ನೊಂದು ಚಿಕ್ಕ ತಿದ್ದುಪಡಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಗಾಳಿಯಲ್ಲಿ ಹಲಗೆ ಹಿಡಿಯುವ ಒಂದು ಭಂಗಿಗೆ 1980ರ ದಶಕದಿಂದ 'ಮ್ಯೂಟ್' ಎಂದು ಹೆಸರು, ಅಂದರೆ ಮೂಕ. ಅದನ್ನು ಮೊದಲು ಮಾಡಿದ ವೆಡ್ಲ್ ಎಂಬಾತನಿಗೆ ಕಿವಿ ಕೇಳುತ್ತಿರಲಿಲ್ಲ, ಆತ ಮೂಕನಾಗಿರಲಿಲ್ಲ. ಸುಮಾರು ನಲವತ್ತು ವರ್ಷದ ಮೇಲೆ ಟೋನಿ ಹಾಕ್ ಅದನ್ನು ಎತ್ತಿ ಹೇಳಿದ. ಆಟದಲ್ಲಿ ಆ ಭಂಗಿಗೆ ವೆಡ್ಲ್ ಹೆಸರನ್ನೇ ಇಟ್ಟರು. ಅಂಥ ತಿದ್ದುಪಡಿಗೆ ಯಾವ ವಿಮರ್ಶಕ ಎಷ್ಟು ಅಂಕ ಕೊಟ್ಟಾನು?

ಅಷ್ಟು ಚೆನ್ನಾಗಿ ಮಾಡಿದವರಿಗೆ ಮುಂದಿನ ಭಾಗದ ಕೆಲಸ ಸಿಗಬೇಕಿತ್ತು. ಸಿಗಲಿಲ್ಲ. 2021ರಲ್ಲಿ ಆ ಸಂಸ್ಥೆಯನ್ನು ಬ್ಲಿಝಾರ್ಡ್ ಎಂಬ ದೊಡ್ಡ ಕಂಪನಿಯೊಳಗೆ ಸೇರಿಸಿದರು, ಮರುವರ್ಷ ಅದರ ಹೆಸರೂ ಹೋಯಿತು. ಮೂರು ಮತ್ತು ನಾಲ್ಕನೆಯ ಭಾಗಗಳನ್ನು ಒಟ್ಟಿಗೆ ಹೊಸದಾಗಿ ಮಾಡಿದ್ದು ಬೇರೆಯವರು, ಬಂದದ್ದು 2025ರ ಜುಲೈನಲ್ಲಿ. ಮೂಲದ ನಾಲ್ಕನೆಯ ಭಾಗದಲ್ಲಿ ಎರಡು ನಿಮಿಷದ ಗಡಿಯಾರ ಇರಲಿಲ್ಲವಂತೆ. ಮೈದಾನದಲ್ಲಿ ಸುಮ್ಮನೆ ಸುತ್ತಬಹುದು, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿ ಅವರು ಹೇಳಿದ ಕೆಲಸ ಮಾಡಬಹುದು. ಹೊಸದರಲ್ಲಿ ಅಲ್ಲಿಗೂ ಎರಡು ನಿಮಿಷ ತಂದಿಟ್ಟರು. ವಿಮರ್ಶಕರಲ್ಲಿ ಅನೇಕರು ಇದಕ್ಕೆ ಮುಖ ಸಿಂಡರಿಸಿದರು.

ಹುಡುಗ ಅದನ್ನೂ ತಂದು ಆಡಿದ. ನೀನಾದರೆ ಎಷ್ಟು ಕೊಡುತ್ತೀ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಎಂಬತ್ತು ಎಂದ. ಗಡಿಯಾರಕ್ಕೆ ಹತ್ತು ಕಳೆದಿದ್ದನಂತೆ. ಮತ್ತೆರಡು ನಿಮಿಷ ಬಿಟ್ಟು, ಅಷ್ಟೊಂದು ಬೇಡ, ಎಂಬತ್ತೈದು ಮಾಡು ಎಂದ.