ಶಿಷ್ಯ ತಂದ ಕೆಂಪು ಡಬ್ಬಿ

ಕಳೆದ ದೀಪಾವಳಿಗೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಅವನಿಗೆ ಕೆಲಸ. “ಸಾರ್, ನಿಮಗೆ ಕೊಲೆಸ್ಟರಾಲ್ ಜಾಸ್ತಿ ಅಂತ ಅಮ್ಮ ಹೇಳಿದ್ರು” ಎಂದು ಒಂದು ಡಬ್ಬಿ ಮುಂದಿಟ್ಟ. (ನಮ್ಮೂರಲ್ಲಿ ಮೇಷ್ಟ್ರ ರಕ್ತವೂ ಗುಟ್ಟಾಗಿ ಉಳಿಯುವುದಿಲ್ಲ!) ಒಳಗೆ ಕೆಂಪು ಮಾತ್ರೆಗಳು. ಹೆಸರು ಹೊಂಗುಕ್. ಅನ್ನದ ಮೇಲೆ ಮೊನಾಸ್ಕಸ್ ಎಂಬ ಬೂಷ್ಟು ಬೆಳೆಸಿ ಒಣಗಿಸಿದ ಕೆಂಪಕ್ಕಿಯಿಂದ ಮಾಡಿದ್ದು. “ಅಲ್ಲಿನ ನಾಟಿ ಔಷಧ ಸಾರ್, ಸೈಡ್ ಎಫೆಕ್ಟ್ ಏನೂ ಇಲ್ಲ.”

ನನ್ನ ತಂದೆ ಐವತ್ತಾರಕ್ಕೇ ಹೃದಯಾಘಾತದಿಂದ ಹೋದವರು. ನನಗೀಗ ಐವತ್ತನಾಲ್ಕು. ಡಾಕ್ಟರು ಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ರಾತ್ರಿ ತಪ್ಪದೆ ನುಂಗುತ್ತಿದ್ದೆ. ಅದರ ಜೊತೆಗೆ ಇದೂ ಇರಲಿ, ಗಿಡಮೂಲಿಕೆಯಂಥದ್ದು ತಾನೇ ಎಂದುಕೊಂಡೆ. ಡಾಕ್ಟರಿಗೆ ಹೇಳಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಪ್ರಶ್ನಿಸಿ, ಪರೀಕ್ಷಿಸಿ’ ಎಂದು ಬೋಧಿಸಿದವನು ಡಬ್ಬಿಯ ಮೇಲಿನ ಚೀಟಿಯನ್ನೂ ಓದಲಿಲ್ಲ.

ಒಂದೂವರೆ ತಿಂಗಳಲ್ಲಿ ತೊಡೆ, ಮೀನಖಂಡಗಳಲ್ಲಿ ನೋವು ಶುರುವಾಯಿತು. ಶಾಲೆಯ ಪ್ರಯೋಗಾಲಯ ಇರುವುದು ಮಹಡಿಯ ಮೇಲೆ. ಮೆಟ್ಟಿಲ ಮಧ್ಯೆ ನಿಂತು ಕಂಬಿ ಹಿಡಿದುಕೊಳ್ಳುವಂತಾಯಿತು. “ವಯಸ್ಸಾಯ್ತು ಬಿಡಿ” ಎಂದಳು ಮನೆಯವಳು. ಡಾಕ್ಟರು ಮಾತ್ರ, “ಬೇರೆ ಏನಾದ್ರೂ ತಗೊಳ್ತಿದೀರಾ ಮೇಷ್ಟ್ರೇ?” ಎಂದರು. ಮೊದಲು ಇಲ್ಲ ಎಂದೆ. ಆಮೇಲೆ ನಾಚಿಕೆಯಾಗಿ ಚೀಲದಿಂದ ಡಬ್ಬಿ ತೆಗೆದೆ. ಚೀಟಿ ಓದಿದ ಅವರು ನಕ್ಕರು. “ನೀವು ಎರಡು ಸ್ಟ್ಯಾಟಿನ್ ತಗೊಳ್ತಿದೀರಿ!”

ಕೆಂಪಕ್ಕಿಯ ಬೂಷ್ಟು ತಯಾರಿಸುವ ಮೊನಾಕೊಲಿನ್-ಕೆ ಎಂಬ ವಸ್ತುವನ್ನು 1979ರಲ್ಲಿ ಬೇರ್ಪಡಿಸಿದವರು ಜಪಾನಿನ ಅಕಿರಾ ಎಂಡೊ. 1987ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಾರಾಟಕ್ಕೆ ಒಪ್ಪಿಗೆ ಪಡೆದ ಲೋವಾಸ್ಟ್ಯಾಟಿನ್ ಕೂಡ ಅದೇ ಅಣು. ಹೋಲುವ ಅಣುವಲ್ಲ, ಅದೇ. ನಮ್ಮ ಕೊಲೆಸ್ಟರಾಲಿನ ಹೆಚ್ಚಿನ ಪಾಲು ತಟ್ಟೆಯಿಂದ ಬರುವುದಿಲ್ಲ, ದೇಹವೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಗೆ ಬೇಕಾದ ಕಿಣ್ವವೊಂದನ್ನು ಈ ಅಣು ತಡೆಯುತ್ತದೆ. ಅನ್ನದಲ್ಲಿ ಬೆಳೆದು ಬಂತೋ ಕಾರ್ಖಾನೆಯಿಂದ ಬಂತೋ ಎಂದು ಯಕೃತ್ತು ವಿಚಾರಿಸುವುದಿಲ್ಲ. ಅಡ್ಡಪರಿಣಾಮವೂ ಅದೇ, ಸ್ನಾಯುನೋವು. ಇನ್ನೊಂದು ಅಪಾಯವೂ ಉಂಟು. 2024ರಲ್ಲಿ ಜಪಾನಿನಲ್ಲಿ ಕೆಂಪಕ್ಕಿ ಮಾತ್ರೆ ತಿಂದ ಹಲವರ ಮೂತ್ರಪಿಂಡ ಕೆಟ್ಟಿತು. ಆ ಮಾತ್ರೆಗಳಲ್ಲಿ ಬೇರೊಂದು ಬೂಷ್ಟಿನ ವಿಷ ಪತ್ತೆಯಾಯಿತು.

ಹಾಗೆಂದು ಕೊರಿಯಾದ ವೈದ್ಯವನ್ನು ಹಳಿಯಲಾರೆ. ಹೊ ಜುನ್ ಎಂಬ ರಾಜವೈದ್ಯ ಸಂಪಾದಿಸಿದ ‘ದೊಂಗುಯಿ ಬೊಗಾಮ್’ 1613ರಲ್ಲಿ ಅಚ್ಚಾಯಿತು. ಗ್ರಂಥ ಇರುವುದು ಚೀನೀ ಲಿಪಿಯಲ್ಲಿ. ಆದರೂ ಜನ ಗುರುತು ಹಿಡಿಯಲೆಂದು ಮೂಲಿಕೆಗಳ ಹೆಸರುಗಳನ್ನು ಆಡುನುಡಿಯ ಲಿಪಿಯಲ್ಲೂ ಬರೆಸಿದ ದೊಡ್ಡ ಮನಸ್ಸು ಅವನದು. ಅದರಲ್ಲಿ ಕೊಲೆಸ್ಟರಾಲ್ ಎಂಬ ಮಾತಿಲ್ಲ, ಇರುವಂತೆಯೂ ಇಲ್ಲ. ಅಲ್ಲಿನ ವೈದ್ಯರ ಮಾತು ಕಟ್ಟಿದ ಕಫ, ನಿಂತ ರಕ್ತ ಎಂಬುದು. ನಮ್ಮ ಆಯುರ್ವೇದ ಕೇಳಿದವರಿಗೆ ಅಪರಿಚಿತವೇನಲ್ಲ. ಅವರು ನಾಡಿ ಹಿಡಿದು, ಆಳು ನೋಡಿ, ಕಷಾಯ ಕೊಡುತ್ತಾರೆ. ನನ್ನ ನಾಡಿ ಯಾರೂ ಹಿಡಿದಿರಲಿಲ್ಲ. ನಾನು ನುಂಗಿದ್ದು ಅಂಗಡಿಯ ಡಬ್ಬಿಯಲ್ಲಿದ್ದದ್ದನ್ನು.

ಡಬ್ಬಿ ಬಿಟ್ಟ ಮೇಲೆ ನೋವು ಮೂರು ವಾರಕ್ಕೆ ಇಳಿಯಿತು. ಮೊನ್ನೆ ಶಿಷ್ಯನ ಫೋನು.

“ಖಾಲಿಯಾಯ್ತಾ ಸಾರ್? ಇನ್ನೊಂದು ಕಳಿಸ್ತೀನಿ.”

ನಡೆದದ್ದನ್ನೆಲ್ಲ ಹೇಳಿದೆ. ಆ ಕಡೆ ಸದ್ದಿಲ್ಲ.

“ಅಪ್ಪಂಗೂ ಕೊಟ್ಟಿದೀನಿ ಸಾರ್. ಅವರಿಗೆ ಹೋದ ವರ್ಷ ಸ್ಟೆಂಟ್ ಹಾಕಿದಾರೆ.”

“ಮೊದಲು ಅವರಿಗೆ ಫೋನ್ ಮಾಡಪ್ಪಾ” ಎಂದೆ. ಇಡ್ತೀನಿ ಎಂದೂ ಹೇಳದೆ ಇಟ್ಟುಬಿಟ್ಟ.